ಚುಕ್ಕೆ ಮೇಷ್ಟ್ರ ಆರು ನಿಮಿಷ

ನಗರ ಸಾರಿಗೆಯ ಚರಿತ್ರೆಯನ್ನು ಬರೆಯುವವರು ಬಸ್ಸುಗಳನ್ನು ತರಿಸಿದವರ ಹೆಸರನ್ನೂ ಡಿಪೋಗಳನ್ನು ಉದ್ಘಾಟಿಸಿದವರ ಹೆಸರನ್ನೂ ತಪ್ಪದೆ ದಾಖಲಿಸುತ್ತಾರೆಯೇ ಹೊರತು, ಯಾವ ಬಸ್ಸು ಯಾವ ನಿಲ್ದಾಣದಿಂದ ಯಾವ ನಿಮಿಷಕ್ಕೆ ಹೊರಡಬೇಕೆಂದು ಮೂವತ್ತಾರು ವರ್ಷ ತಲೆ ಕೆಡಿಸಿಕೊಂಡವರನ್ನು ನೆನೆಯುವುದಿಲ್ಲ. ವೇಳಾಪಟ್ಟಿಯ ಕೆಲಸವೇ ಅಂಥದ್ದು. ಸರಿಯಾಗಿದ್ದರೆ ಯಾರ ಗಮನಕ್ಕೂ ಬಾರದು, ತಪ್ಪಿದರೆ ಊರಿಗೆ ಊರೇ ಶಾಪ ಹಾಕುತ್ತದೆ. ಆ ಕೆಲಸದಲ್ಲಿ ಸರಿಸಾಟಿಯಿಲ್ಲದವರೆಂದು ನಾನು ನಂಬಿರುವ, ಡಿಪೋದ ಸಮಸ್ತರೂ ಚುಕ್ಕೆ ಮೇಷ್ಟ್ರು ಎಂದೇ ಕರೆಯುವ ನಮ್ಮ ಹಿರಿಯರು ನಿವೃತ್ತರಾಗಿ ಮೂರು ತಿಂಗಳಾಯಿತು. ಅವರ ಅಭಿನಂದನ ಗ್ರಂಥಕ್ಕೆ ಸಿಹಿ ನೆನಪುಗಳನ್ನು ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದ್ದಾರೆ. ನನ್ನ ಬಳಿ ಇರುವುದೆಲ್ಲ ಸಿಹಿಯಲ್ಲ ಎಂಬುದನ್ನು ಅವರು ಮನ್ನಿಸಬೇಕು.

ಇಪ್ಪತ್ತೊಂದು ವರ್ಷಗಳ ಹಿಂದೆ ನಾನು ನಗರಸಭೆಯ ಸಾರಿಗೆ ವಿಭಾಗಕ್ಕೆ ಗುಮಾಸ್ತೆಯಾಗಿ ಸೇರಿದಾಗ ವೇಳಾಪಟ್ಟಿಯ ಕೋಣೆ ಡಿಪೋದ ಮೇಲಂತಸ್ತಿನಲ್ಲಿತ್ತು. ಕೆಳಗೆ ಬಸ್ಸು ಚಾಲೂ ಮಾಡಿದರೆ ಮೇಲೆ ನಮ್ಮ ಮೇಜಿನ ಮೇಲಿನ ಸ್ಕೇಲು ನಡುಗುತ್ತಿತ್ತು. ಸೇರಿದ ಮೊದಲ ವಾರವೇ ನಾನು ಒಂದೇ ಬಸ್ಸನ್ನು ಒಂದೇ ಹೊತ್ತಿಗೆ ಎರಡು ಮಾರ್ಗಗಳಲ್ಲಿ ಓಡಿಸಿದ ಮಹಾನುಭಾವೆ. ಬೆಳಿಗ್ಗೆ ಇಬ್ಬರು ಚಾಲಕರು ಒಂದೇ ಬಾಗಿಲಿನ ಮುಂದೆ ನಿಂತು, ನಾನು ಓಡಿಸುತ್ತೇನೆ, ನೀನಲ್ಲ ಎಂದು ಕಿತ್ತಾಡಿದರು. ಡಿಪೋ ವ್ಯವಸ್ಥಾಪಕರು ಕೆಂಡಾಮಂಡಲವಾಗಿ ಮೆಟ್ಟಿಲು ಹತ್ತಿ ಬಂದಾಗ ಮೇಷ್ಟ್ರು ತಲೆಯೆತ್ತದೆಯೇ, ಅದು ತಮ್ಮ ಕಣ್ತಪ್ಪು ಎಂದುಬಿಟ್ಟರು. ಆಮೇಲೆ ನನ್ನನ್ನು ಬೈಯಲೂ ಇಲ್ಲ, ಬುದ್ಧಿ ಹೇಳಲೂ ಇಲ್ಲ; ಹೊಸದೊಂದು ರಬ್ಬರನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ನನ್ನ ತಾಯಿ ಹಾಸಿಗೆ ಹಿಡಿದ ವರ್ಷ, ನಾನು ಬಾಯಿಬಿಟ್ಟು ಕೇಳುವ ಮೊದಲೇ ನನ್ನ ಪಾಳಿಯನ್ನು ಬದಲಿಸಿದವರೂ ಅವರೇ.

ಚುಕ್ಕೆಯ ವಿಷಯ ಹೇಳಬೇಕು. ವೇಳಾಪಟ್ಟಿಯ ದೊಡ್ಡ ಪುಸ್ತಕದಲ್ಲಿ ಕೆಲವು ನಿಲ್ದಾಣಗಳ ಹೊತ್ತಿನ ಕೆಳಗೆ ಮೇಷ್ಟ್ರು ಪೆನ್ಸಿಲ್ಲಿನಿಂದ ಚುಕ್ಕೆಗಳನ್ನಿಡುತ್ತಿದ್ದರು. ಒಂದು ಚುಕ್ಕೆಯೆಂದರೆ, ಬಸ್ಸು ಅಲ್ಲಿ ಒಂದು ನಿಮಿಷ ಕಾಯಬೇಕು. ಅಚ್ಚಾದ ವೇಳಾಪಟ್ಟಿಯಲ್ಲಿ ಅವು ಕಾಣಿಸುತ್ತಿರಲಿಲ್ಲ, ಚಾಲಕರಿಗೆ ಬಾಯಿಪಾಠವಾಗಿದ್ದವು. ಬಟ್ಟೆ ಒಗೆಯುವ ಕಾರ್ಖಾನೆಯ ಮುಂದೆ ಎರಡು ಚುಕ್ಕೆ, ಏಕೆಂದರೆ ಅಲ್ಲಿನ ಹೆಂಗಸರು ಒದ್ದೆ ಏಪ್ರನ್ ಬಿಚ್ಚಿ ಸಹಿ ಮಾಡಿ ಬರಬೇಕು. ಗ್ರಂಥಾಲಯದ ಕಡಿದಾದ ಮೆಟ್ಟಿಲ ಬುಡದಲ್ಲಿ ಒಂದು. ಎಲ್ಲಕ್ಕಿಂತ ಹೆಚ್ಚು, ಆರು ಚುಕ್ಕೆಗಳು, ಇಪ್ಪತ್ತೇಳನೆಯ ಮಾರ್ಗದಲ್ಲಿ ಕೃತಕ ಕಾಲು ಜೋಡಿಸುವ ಆಸ್ಪತ್ರೆಯ ಮುಂದೆ, ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ. ಹೊಸ ಕಾಲಿನಲ್ಲಿ ನಡೆಯಲು ಕಲಿಯುತ್ತಿದ್ದವರ ಅಭ್ಯಾಸ ಮುಗಿದು ಅವರು ಗೇಟಿನ ಇಳಿಜಾರು ಇಳಿದು ಬರುವ ಹೊತ್ತದು. ಮೇಷ್ಟ್ರು ಕಾಲು ಕಳೆದುಕೊಂಡಿದ್ದ ಒಬ್ಬ ಬಡಗಿಯ ಜೊತೆ ಮೂರು ದಿನ ಆ ಇಳಿಜಾರು ಇಳಿದು, ಕೈಗಡಿಯಾರ ನೋಡಿ ಆ ಆರು ನಿಮಿಷಗಳನ್ನು ಗೊತ್ತುಮಾಡಿದ್ದರು.

ಹಾಗಾದರೆ ಬಸ್ಸಿನ ಹೊತ್ತನ್ನೇ ಹನ್ನೆರಡು ನಲವತ್ತಾರು ಎಂದು ಬರೆಯಬಹುದಲ್ಲ ಎಂದು ನಾನು ಜಾಣತನ ತೋರಿಸಿದ್ದೆ. ಅವರು ಪೆನ್ಸಿಲ್ಲನ್ನು ಕೆಳಗಿಟ್ಟು ಹೇಳಿದ ಮಾತು ನನಗೆ ಇನ್ನೂ ಹಾಗೆಯೇ ನೆನಪಿದೆ.

“ಬಸ್ಸು ನಿಂತಿರೋದು ಕಣ್ಣಿಗೆ ಬಿದ್ರೆ ಜನ ನಿಧಾನವಾಗಿ ನಡೀತಾರಮ್ಮ. ಈಗ ಬಂದುಬಿಡುತ್ತೆ ಅನ್ನೋ ಬಸ್ಸಿಗೆ ಓಡೋಕೆ ನೋಡ್ತಾರೆ. ಇವರು ಓಡಬಾರದು.”

ನಾಲ್ಕು ವರ್ಷಗಳ ಹಿಂದೆ ನಮ್ಮ ನಗರದ ಬಸ್ಸುಗಳನ್ನೂ ಸುತ್ತಲಿನ ಊರುಗಳ ಬಸ್ಸುಗಳನ್ನೂ ಒಂದೇ ವಲಯ ಪ್ರಾಧಿಕಾರಕ್ಕೆ ಒಪ್ಪಿಸುವುದೆಂದು ತೀರ್ಮಾನವಾಯಿತು. ಬಸ್ಸು, ಡಿಪೋ, ಸಿಬ್ಬಂದಿ, ಕುರ್ಚಿ, ಬೀರು ಎಲ್ಲವನ್ನೂ ಪಟ್ಟಿ ಮಾಡಿ ಹಸ್ತಾಂತರಿಸಲು ನಮಗೆ ಸಿಕ್ಕಿದ್ದು ಎರಡೇ ತಿಂಗಳು. ಅರವತ್ತೊಂದು ಮಾರ್ಗಗಳ ವೇಳಾಪಟ್ಟಿಯನ್ನು ಪ್ರಾಧಿಕಾರದ ನಮೂನೆಗೆ ತುಂಬಿಸುವ ಹೊಣೆ ನನ್ನದಾಯಿತು. ಬರುವ ಹೊತ್ತು, ಹೊರಡುವ ಹೊತ್ತು ಎಂದು ಆ ನಮೂನೆಯಲ್ಲಿ ಎರಡೇ ಕಲಂ. ಎರಡರ ನಡುವೆ ಆರು ನಿಮಿಷ ಬರೆದರೆ ಕಾರಣವಿಲ್ಲದ ನಿಲುಗಡೆಯೆಂದು ಕಂಪ್ಯೂಟರು ಕೆಂಪು ಬಣ್ಣ ತೋರಿಸುತ್ತಿತ್ತು. ಚುಕ್ಕೆಗಳ ಕಾರಣಗಳನ್ನೆಲ್ಲ ಬೇರೆ ಹಾಳೆಗಳಲ್ಲಿ ಬರೆದು ಲಗತ್ತಿಸುವಂತೆ ಮೇಷ್ಟ್ರು ನನಗೆ ಹೇಳಿದರು. ಅವರೇ ಕೂತು ಹೇಳಿ ಬರೆಸಿದರು, ಹನ್ನೊಂದು ಹಾಳೆಗಳಾದವು.

ಇಲ್ಲಿಂದ ಮುಂದಿನದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಹಸ್ತಾಂತರಕ್ಕೆ ವಾರವಿರುವಾಗ ಪ್ರಾಧಿಕಾರದ ಕಚೇರಿಯಲ್ಲಿ ನಮಗೊಂದು ತರಬೇತಿ ನಡೆಯಿತು. ನೆಲಕ್ಕೆಲ್ಲ ಕಾರ್ಪೆಟ್ಟು, ಕಿಟಕಿ ತೆರೆಯಲಾಗದ ಕೋಣೆ. ಅಲ್ಲೊಬ್ಬ ಅಧಿಕಾರಿ ನೆರೆಯ ಊರಿನ ವೇಳಾಪಟ್ಟಿಯಲ್ಲಿ ಯಾರೋ ಬರೆದಿದ್ದ ‘ಇಲ್ಲಿ ಅಜ್ಜಿ ಕೈ ಅಡ್ಡ ಹಿಡಿದರೆ ನಿಲ್ಲಿಸುವುದು’ ಎಂಬ ಟಿಪ್ಪಣಿಯನ್ನು ಪರದೆಯ ಮೇಲೆ ತೋರಿಸಿದರು. ಕೋಣೆಯೆಲ್ಲ ನಕ್ಕಿತು, ನಾನೂ ನಕ್ಕೆ. ನನ್ನ ಚೀಲದಲ್ಲಿ ಒದ್ದೆ ಏಪ್ರನ್ನುಗಳ, ಹೊಸ ಕಾಲುಗಳ ಹನ್ನೊಂದು ಹಾಳೆಗಳಿದ್ದವು. ಇವನ್ನು ಕೊಟ್ಟರೆ ನಮ್ಮನ್ನೂ ಹೀಗೆಯೇ ಪರದೆಯ ಮೇಲೆ ತೋರಿಸಿ ನಗುತ್ತಾರೆ, ನನಗೆ ಬರಬಹುದಾದ ಹುದ್ದೆಯೂ ಕೈತಪ್ಪುತ್ತದೆ ಎಂದು ನಾನು ಹೆದರಿದೆ. ಹಾಳೆಗಳನ್ನು ವಾಪಸು ತಂದು ನನ್ನ ಮೇಜಿನ ಡ್ರಾಯರಿನಲ್ಲಿಟ್ಟೆ. ಲಗತ್ತಿಸಿದೆಯಾ ಎಂದು ಮೇಷ್ಟ್ರು ಕೇಳಿದಾಗ ಹೂಂ ಎಂದೆ.

ಹೊಸ ಪಟ್ಟಿಯಲ್ಲಿಲ್ಲದ ನಿಮಿಷ ಕಾಯಲು ಚಾಲಕರಿಗೆ ಅಪ್ಪಣೆಯಿರಲಿಲ್ಲ. ಹೊಸ ವ್ಯವಸ್ಥೆ ಜಾರಿಗೆ ಬಂದ ಹತ್ತನೆಯ ದಿನ, ಸವೆದ ಕೃತಕ ಕಾಲನ್ನು ಬದಲಿಸಿಕೊಂಡು ಮತ್ತೆ ಅಭ್ಯಾಸಕ್ಕೆ ಬರುತ್ತಿದ್ದ ಆ ಬಡಗಿ, ಹೊರಟುಬಿಟ್ಟಿದ್ದ ಬಸ್ಸನ್ನು ಹಿಡಿಯಲು ಇಳಿಜಾರಿನಲ್ಲಿ ಓಡಿದರು. ಬಿದ್ದರು. ಮುರಿದದ್ದು ಅವರ ಸ್ವಂತ ಕಾಲು. ಅವರ ಹೆಂಡತಿ ದೂರು ಕೊಟ್ಟರು, ವಿಚಾರಣೆ ನಡೆಯಿತು. ಆರು ನಿಮಿಷದ ನಿಲುಗಡೆಯನ್ನು ಪ್ರಾಧಿಕಾರಕ್ಕೆ ಏಕೆ ತಿಳಿಸಲಿಲ್ಲ ಎಂದು ವಿಚಾರಣಾಧಿಕಾರಿ ಕೇಳಿದರು. ನಾನು ಮೇಷ್ಟ್ರ ಪಕ್ಕದ ಕುರ್ಚಿಯಲ್ಲೇ ಇದ್ದೆ. ಮೇಷ್ಟ್ರು ನನ್ನ ಕಡೆ ಒಮ್ಮೆ ನೋಡಿದರು.

“ನನ್ನ ಮರೆವು ಸರ್,” ಅಂದರು. “ವಯಸ್ಸಾಯ್ತು.”

ಅವರಿಗೆ ಎಲ್ಲ ಗೊತ್ತಾಗಿದೆಯೆಂದು ಆ ಒಂದು ನೋಟದಲ್ಲೇ ನನಗೆ ತಿಳಿಯಿತು. ಹಳೆಯ ಕಣ್ತಪ್ಪಿನ ದಿನ ನಾನು ತಿಳುವಳಿಕೆಯಿಲ್ಲದ ಹುಡುಗಿ, ಕ್ಷಮೆಗೆ ಅರ್ಹಳಾಗಿದ್ದೆ. ಈ ಸಲ ಆಗಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಅವರನ್ನು ವೇಳಾಪಟ್ಟಿ ವಿಭಾಗದಿಂದ ತೆಗೆದು, ಪ್ರಯಾಣಿಕರು ಬಿಟ್ಟುಹೋದ ವಸ್ತುಗಳ ಕೊಠಡಿಗೆ ಹಾಕಿದರು. ಸೇವೆಯ ಕೊನೆಯ ವರ್ಷಗಳನ್ನು ಅವರು ಒಂಟಿ ಚಪ್ಪಲಿ, ಊಟದ ಡಬ್ಬಿ, ಕೊಡೆಗಳ ನಡುವೆ ಕಳೆದರು. ಅವರ ಕುರ್ಚಿಗೆ ನನ್ನನ್ನು ಕೂರಿಸಿದರು. ಆ ಆರು ನಿಮಿಷಗಳನ್ನು ಮರಳಿ ಕೊಡಿರೆಂದು ಮೇಷ್ಟ್ರು ಆ ಕೊಠಡಿಯಿಂದಲೇ ಹದಿನಾಲ್ಕು ಅರ್ಜಿ ಬರೆದರು. ಲಿಖಿತ ಆಧಾರವಿಲ್ಲ ಎಂಬ ಉತ್ತರದ ಕರಡನ್ನು ಹದಿನಾಲ್ಕು ಸಲವೂ ಸಿದ್ಧಪಡಿಸಿದವಳು ನಾನು. ಲಿಖಿತ ಆಧಾರ ಅದೇ ಮೇಜಿನ ಡ್ರಾಯರಿನಲ್ಲಿತ್ತು.

ಕಳೆದ ತಿಂಗಳು ಇಪ್ಪತ್ತೇಳನೆಯ ಮಾರ್ಗದ ವಿಳಂಬ ವರದಿ ನನ್ನ ಮುಂದೆ ಬಂತು. ಮಧ್ಯಾಹ್ನದ ಬಸ್ಸು ಆಸ್ಪತ್ರೆಯ ನಿಲ್ದಾಣದಲ್ಲಿ ಪ್ರತಿದಿನವೂ ಐದಾರು ನಿಮಿಷ ತಡ. ನಾನೇ ಹೋಗಿ ರಸ್ತೆಯ ಆಚೆ ಬದಿ ನಿಂತು ನೋಡಿದೆ. ಬಸ್ಸು ಬಂದಿತು. ನಿಲ್ದಾಣದಲ್ಲಿ ಕಾದಿದ್ದ ಮೇಷ್ಟ್ರು ಒಂದು ಕಾಲನ್ನು ಅದರ ಮೆಟ್ಟಿಲ ಮೇಲಿಟ್ಟು, ಒಂದನ್ನು ನೆಲದ ಮೇಲೇ ಬಿಟ್ಟು ನಿಂತರು. ಹಾಗೆ ನಿಂತರೆ ಹೊಸ ಬಸ್ಸುಗಳ ಬಾಗಿಲು ಮುಚ್ಚುವುದಿಲ್ಲ. ಚಾಲಕ ನಿವೃತ್ತರ ಪಾಸು ತೋರಿಸಿ ಅಂದ. ಅವರು ಅಂಗಿಯ ಜೇಬು ತಡಕಿದರು, ಪ್ಯಾಂಟಿನ ಜೇಬು ತಡಕಿದರು, ಕನ್ನಡಕದ ಪೆಟ್ಟಿಗೆ ತೆರೆದರು, ಕೈಚೀಲದಿಂದ ಒಂದೊಂದೇ ಕಾಗದ ತೆಗೆದು ದೂರ ಹಿಡಿದು ಓದಿದರು. ಒಳಗಿದ್ದವರು ಗೊಣಗಿದರು. ಇಳಿಜಾರಿನಲ್ಲಿ ನಾಲ್ಕು ಜನ, ನಿಂತ ಬಸ್ಸನ್ನು ನೋಡುತ್ತ, ನಿಧಾನವಾಗಿ ಇಳಿದು ಬರುತ್ತಿದ್ದರು. ಕೊನೆಯವರು ಹತ್ತಿದ ಮೇಲೆ ಪಾಸು ಅಂಗಿಯ ಮೊದಲ ಜೇಬಿನಲ್ಲೇ ಸಿಕ್ಕಿತು.

ರಸ್ತೆ ದಾಟಿ ಅವರ ಹಿಂದೆಯೇ ನಾನೂ ಬಸ್ಸು ಹತ್ತಿದೆ. ಅವರಿಗೆ ನನ್ನನ್ನು ಕಂಡು ಆಶ್ಚರ್ಯವಾಗಲಿಲ್ಲ. ನನ್ನ ತಂಗಿಯ ಮಗಳ ಓದಿನ ವಿಚಾರ ಕೇಳಿದರು. ಇಳಿಯುವಾಗ ಮಾತ್ರ, “ಮುಂದಿನ ವಾರ ನನ್ನ ಕಣ್ಣಿನ ಆಪರೇಶನ್ನು. ಹದಿನೈದು ದಿನ ಮನೇಲಿರಬೇಕಂತೆ,” ಎಂದರು. ಬೇರೇನೂ ಕೇಳಲಿಲ್ಲ.

ಆ ಹದಿನೈದು ದಿನ ಊಟದ ಬಿಡುವಿನಲ್ಲಿ ಹೋಗಿ ಮೆಟ್ಟಿಲ ಮೇಲೆ ಕಾಲಿಟ್ಟು ನಿಂತವಳು ನಾನು. ಹುಡುಕಲು ನನಗೆ ಅಷ್ಟು ಜೇಬುಗಳಿಲ್ಲ. ಮೂರನೆಯ ದಿನವೇ ಚಾಲಕನಿಂದ ಬೈಸಿಕೊಂಡೆ. ವಿಳಂಬ ವರದಿಯಲ್ಲಿ ಈಗ ‘ಕಾರಣ’ ಎಂಬ ಕಲಂ ಇದೆ. ಅದರಲ್ಲಿ ‘ಲಗತ್ತು ನೋಡಿ’ ಎಂದು ಬರೆದು, ಆ ಹನ್ನೊಂದು ಹಾಳೆಗಳನ್ನೂ, ಅವು ನಾಲ್ಕು ವರ್ಷ ಎಲ್ಲಿದ್ದವು, ಯಾರ ತಪ್ಪಿನಿಂದ ಎಂಬ ನನ್ನ ಸಹಿಯ ಹೇಳಿಕೆಯನ್ನೂ ಕಳಿಸಿದ್ದೇನೆ. ಉತ್ತರ ಬಂದಿಲ್ಲ, ಬಂದರೆ ಮೊದಲು ಬರುವುದು ನನ್ನ ಅಮಾನತಿನ ಆದೇಶವೇ ಇರಬಹುದು. ಬಡಗಿಯವರು ಈಗ ಆ ಬಸ್ಸಿಗೆ ಬರುವುದಿಲ್ಲ. ಅವರು ಮನೆಯಿಂದಲೇ ಹೊರಗೆ ಬರುವುದಿಲ್ಲವೆಂದು ಕೇಳಿದೆ.

ಇಂಥ ಗ್ರಂಥದ ಕೊನೆಯಲ್ಲಿ ಹಿರಿಯರಿಗೆ ದೀರ್ಘಾಯುಷ್ಯವನ್ನೂ, ಅವರ ಕೆಲಸ ಹೀಗೆಯೇ ಮುಂದುವರಿಯಲೆಂದೂ ಕೋರುತ್ತಾರೆ. ನಾನೂ ಕೋರುತ್ತೇನೆ, ಆದರೆ ನನ್ನದು ಬರಿಯ ಉಪಚಾರದ ಮಾತಲ್ಲ. ಮೇಷ್ಟ್ರೇ, ಪ್ರಾಧಿಕಾರದ ಉತ್ತರ ಬರುವವರೆಗೆ ನಿಮ್ಮ ಕಣ್ಣು ಚೆನ್ನಾಗಿರಲಿ, ಮೊಣಕಾಲು ಗಟ್ಟಿಯಾಗಿರಲಿ, ಪಾಸು ಬೇಗ ಸಿಗದಿರಲಿ. ನಿಮಗೆ ಆಗದ ದಿನ ಹೇಳಿ ಕಳಿಸಿ, ನಾನು ಹೋಗಿ ನಿಲ್ಲುತ್ತೇನೆ.