ದೇವರನ್ನು ಬೊಂಬೆ ಅಂದವಳು

ಶಾರದಕ್ಕ, ನಿಮ್ಮ ಗ್ಯಾರೇಜಿನ ಗಣಪತಿಯನ್ನು ಬೊಂಬೆ ಅಂದವಳು ನಾನು. ನಿಮ್ಮ ಮಕ್ಕಳಲ್ಲ, ಮತ್ಯಾರೂ ಅಲ್ಲ — ನಾನೇ.

ಎಂಬತ್ತರ ದಶಕದಲ್ಲಿ, ಅಮೆರಿಕದ ಈ ಸ್ಯಾನ್ ಹೊಸೆಯಲ್ಲಿ ನಮಗೆಲ್ಲ ಗುಡಿಯೆಂದರೆ ನಿಮ್ಮ ಗ್ಯಾರೇಜೇ. ಕಾರನ್ನು ಬೀದಿಗಿಳಿಸಿ, ಕಾರ್ಪೆಟ್ ಹಾಸಿ, ಹುಬ್ಬಳ್ಳಿಯಿಂದ ತಂದ ಕರಿಕಲ್ಲಿನ ಗಣಪನನ್ನು ಕೂರಿಸಿದ್ದಿರಿ. ಶನಿವಾರ ಬಂತೆಂದರೆ ಬೀದಿ ತುಂಬ ನಮ್ಮವರ ಕಾರು, ಬಾಗಿಲಲ್ಲಿ ಚಪ್ಪಲಿ ರಾಶಿ. ಯಾರೋ ಸಿಟಿ ಆಫೀಸಿಗೆ ದೂರು ಕೊಟ್ಟರು. ಮನೆಗಳಿರುವ ಬೀದಿಯಲ್ಲಿ ಅನುಮತಿಯಿಲ್ಲದೆ ಪ್ರಾರ್ಥನಾ ಮಂದಿರ ನಡೆಸುವಂತಿರಲಿಲ್ಲ.

ಸಿಟಿ ಆಫೀಸಿನ ಇನ್‌ಸ್ಪೆಕ್ಟರ್ ಬಂದಾಗ ನೀವು ಗ್ರೋಸರಿಗೆ ಹೋಗಿದ್ದಿರಿ. ನವರಾತ್ರಿಯ ಸಮಯ, ನನ್ನ ಮೈಸೂರಿನ ಬೊಂಬೆಗಳನ್ನು ಗಣಪನ ಪಕ್ಕ ಜೋಡಿಸುತ್ತಿದ್ದೆ. ಇಲ್ಲಿ ಪೂಜೆ ನಡೆಯುತ್ತದೆಯೇ ಎಂದು ಕೇಳಿದ. ಹೌದೆಂದರೆ ಗುಡಿ ಮುಚ್ಚಿಸುತ್ತಾನೆಂದು ಹೆದರಿದೆ. "ಪೂಜೆ ಏನಿಲ್ಲ ಸರ್, ನಮ್ಮೂರ ಬೊಂಬೆ ಹಬ್ಬ ಅಷ್ಟೇ. ಇದೂ ಬೊಂಬೆನೇ," ಅಂದುಬಿಟ್ಟೆ. ಬರೆದುಕೊಂಡು ಹೋದ. ಬದುಕಿದೆಯಾ ಬಡಜೀವವೇ ಎಂದುಕೊಂಡೆ. ನಿಮಗೆ ಹೇಳಲೂ ಇಲ್ಲ.

ನೀವೋ, ಕದ್ದು ಮಾಡುವುದೇಕೆಂದು ಅನುಮತಿಗೆ ಅರ್ಜಿ ಹಾಕಿದಿರಿ. ಸಿಟಿ ಹಾಲಿನಲ್ಲಿ ಇಳಕಲ್ ಸೀರೆಯುಟ್ಟು ನಿಂತು, "ಈತ ನಮ್ಮ ದೇವರು. ಪೂಜೆ ಮಾಡೋದು ಈ ದೇಶದಲ್ಲೂ ನಮ್ಮ ಹಕ್ಕು," ಎಂದಿರಿ. ಸಭೆಯ ಅಧ್ಯಕ್ಷರು ಇನ್‌ಸ್ಪೆಕ್ಟರ್ ಬರೆದ ಕಾಗದ ನೋಡಿದರು. "ನಿಮ್ಮ ಮನೆಯಲ್ಲೇ ಒಬ್ಬರು ಇದು ಬೊಂಬೆ ಅಂದಿದ್ದಾರಲ್ಲ, ಯಾವುದು ನಿಜ?" ನೀವು ತಿರುಗಿ ನಮ್ಮೆಲ್ಲರ ಮುಖ ನೋಡಿದಿರಿ. ಹಿಂದಿನ ಸಾಲಿನಲ್ಲಿದ್ದ ನಾನು — ಏಳಬೇಕಿತ್ತು. ಏಳಲಿಲ್ಲ.

ಅನುಮತಿ ಸಿಗಲಿಲ್ಲ. ಶಾರದಾ ಮನೆಯವರಿಂದ ಬೊಂಬೆಯೆಂದು ಸುಳ್ಳು ಹೇಳಿಸಿ ಸಿಕ್ಕಿಬಿದ್ದಳು, ಎಲ್ಲರ ಮಾನ ಕಳೆದಳು ಎಂದು ನಮ್ಮವರೇ ಆಡಿಕೊಂಡರು. ಅವರ ಮಧ್ಯೆ ಕೂತು ನಾನು ಕಾಫಿ ಕುಡಿದೆ. ಛೇ, ಎಂಥ ಹೆಂಗಸು ನಾನು!

"ಇರ್ಲಿ ಬಿಡವಾ ಪದ್ಮಾ, ಗಣಪ್ಪಗ ಗ್ಯಾರೇಜು ಸಣ್ಣದಾಗಿತ್ತು," ಅಂತ ನೀವು ನಕ್ಕಿರಿ. ಕೊನೆಗೆ ಆ ಮಾತೇ ನಿಜವಾಯಿತು. ಪಕ್ಕದೂರು ಮಿಲ್ಪಿಟಾಸ್‌ನಲ್ಲಿ ಹಳೆಯ ಗೋದಾಮು ಸಿಕ್ಕಿತು, ವಿಶಾಲವಾದ ಪಾರ್ಕಿಂಗು, ಅನುಮತಿಯೂ ಬಂತು. ಈಗ ಅದೇ ಗಣಪ ಅಲ್ಲಿ ಬೆಣ್ಣೆ ಅಲಂಕಾರದಲ್ಲಿ ಹಾಯಾಗಿದ್ದಾನೆ. ನಾನೂ ಸುಖವಾಗಿದ್ದೇನೆ, ಅಕ್ಕ — ಗುಡಿಯ ಅಡುಗೆಮನೆಯಲ್ಲಿ ಚಿತ್ರಾನ್ನ ಕಲಸುತ್ತ ನಿಮ್ಮಿಂದ ಬೈಸಿಕೊಳ್ಳುವ ಶನಿವಾರಗಳಷ್ಟು ಸುಖ ನನಗೆ ಬೇರೆಲ್ಲೂ ಇಲ್ಲ. ಆ ಸುಖ ಕಳೆದೀತೆಂದೇ ಇಷ್ಟು ವರ್ಷ ಬಾಯಿ ಬಿಡಲಿಲ್ಲವೇನೋ...

ಪ್ರತಿ ದಸರೆಗೂ "ಮೈಸೂರಾಕಿ, ಗೊಂಬಿ ನೀನ ಕುಂದ್ರಸು," ಎಂದು ಪೆಟ್ಟಿಗೆಯನ್ನು ನನ್ನ ಕೈಗೇ ಕೊಡುತ್ತೀರಿ. ಈ ಸಲ, ಅಂದು ಆಡಿಕೊಂಡವರೆಲ್ಲ ಮಂಗಳಾರತಿಗೆ ಸೇರಿರುವಾಗ, ಎದ್ದು ನಿಂತು ಇದನ್ನೇ ಹೇಳುತ್ತೇನೆ. ಆಮೇಲೆ ಪೆಟ್ಟಿಗೆ ಯಾರ ಕೈಗೆ ಕೊಡಬೇಕೋ ನೀವೇ ನೋಡಿ.