ಎಡಗಿವಿಯ ಹಿಂದಿನ ಬೊಟ್ಟು

ನನ್ನ ಅಳಿಯಂದಿರು ಗೊಂಬೆಯ ತಲೆ ಬೇಯಿಸುತ್ತಾರೆ. ಅದೂ ನನ್ನ ಹಾಲಿನ ಪಾತ್ರೆಯಲ್ಲಿ. ನೀರು ಕುದಿ ಬಂದ ಮೇಲೆ ಸಿಪಾಯಿ ಗೊಂಬೆಯನ್ನು ತಲೆಕೆಳಗಾಗಿ ಹಿಡಿದು ಕುತ್ತಿಗೆಯವರೆಗೆ ಅದ್ದುತ್ತಾರೆ. ಒಂದು ನಿಮಿಷಕ್ಕೆ ತಲೆ ಮೆತ್ತಗಾಗುತ್ತದೆ. ಆಮೇಲೆ ಬದನೆಕಾಯಿಯ ತೊಟ್ಟು ಕಿತ್ತ ಹಾಗೆ ಕಿತ್ತು ಪಕ್ಕಕ್ಕಿಡುತ್ತಾರೆ. ವಯಸ್ಸು ಮೂವತ್ತೇಳು, ಬ್ಯಾಂಕಿನಲ್ಲಿ ಅಧಿಕಾರಿ, ಮುಖದ ತುಂಬ ಗಡ್ಡ. ವಾರವೆಲ್ಲ ಜನರಿಂದ ‘ಸಾ’ ಅನ್ನಿಸಿಕೊಳ್ಳುವ ಈ ಮನುಷ್ಯ ಭಾನುವಾರ ಬಂತೆಂದರೆ ನಂಜನಗೂಡಿನಿಂದ ತಿ. ನರಸೀಪುರಕ್ಕೆ ಬೈಕಿನಲ್ಲಿ ಬಂದು ನನ್ನ ಅಡುಗೆಮನೆಯಲ್ಲಿ ಈ ಘನಕಾರ್ಯ ನಡೆಸುತ್ತಾರೆ. ಯಾಕೆಂದರೆ ನನ್ನ ಮಗಳು ತನ್ನ ಮನೆಯಲ್ಲಿ ಇದಕ್ಕೆಲ್ಲ ಜಾಗ ಕೊಡುವುದಿಲ್ಲ. ಅವಳು ಗಂಡನಿಗೆ ಬೇಡ ಅನ್ನಬಹುದು, ನಾನು ಅಳಿಯನಿಗೆ ಬೇಡ ಅನ್ನುವ ಹಾಗಿಲ್ಲ. ಹೆಣ್ಣು ಕೊಟ್ಟವಳು ನಗುನಗುತ್ತಾ ಸ್ಟವ್ ಹಚ್ಚಿಕೊಡಬೇಕು. ಬೈಯುವುದಿದ್ದರೆ ಮನಸ್ಸಿನೊಳಗೆ ಬೈದುಕೊಳ್ಳಬೇಕು, ಅದೂ ಮರ್ಯಾದೆ ಕೊಟ್ಟು.

ತಲೆ ಕಿತ್ತ ಮೇಲೆ ಉಗುರುಬಣ್ಣ ತೆಗೆಯುವ ನೀರಿನಲ್ಲಿ ಹತ್ತಿ ಅದ್ದಿ ಹಳೆಯ ಬಣ್ಣವನ್ನೆಲ್ಲ ಒರೆಸಿ ಹಾಕುತ್ತಾರೆ. ಕಣ್ಣು, ಹುಬ್ಬು, ತುಟಿ ಎಲ್ಲ ಹೋಗಿ ಸಿಪ್ಪೆ ಸುಲಿದ ಆಲೂಗಡ್ಡೆಯಂಥ ಮುಖ ಉಳಿಯುತ್ತದೆ. ಆಮೇಲೆ ಸಣ್ಣದನ್ನು ದೊಡ್ಡದಾಗಿ ತೋರಿಸುವ ಬೂದುಗಾಜೊಂದನ್ನು ಹಣೆಗೆ ಕಟ್ಟಿಕೊಂಡು ವಾಚು ರಿಪೇರಿಯವರ ಹಾಗೆ ಕೂರುತ್ತಾರೆ. ಕಣ್ಣಿನ ಬಿಳಿಯಲ್ಲಿ ಕೆಂಪು ನರ ಬರೆಯುತ್ತಾರೆ. ಗಲ್ಲದ ಮೇಲೆ ಎರಡು ದಿನದ ಗಡ್ಡ, ಕೆನ್ನೆಯ ಮೇಲೆ ಚಾಕು ಗೀರಿದ ಗಾಯ. ಫೋಟೊ ತೆಗೆದು ಫೋನಿನಲ್ಲಿ ಹಾಕಿದರೆ ಅವರಂಥವೇ ಗಡ್ಡದವರು ಊರೂರುಗಳಿಂದ ಕೊಂಡಾಡುತ್ತಾರೆ. ಸ್ವಂತ ಮಗುವಿನ ಮೂಗು ಒರೆಸದವರು ಗೊಂಬೆಯ ಮೂಗಿನ ನೆರಳಿನ ಬಗ್ಗೆ ಅರ್ಧ ದಿನ ಚರ್ಚೆ ಮಾಡುತ್ತಾರೆ. ಹಳೆಯದು ಅಂತ ನೇರವಾಗಿ ಹೇಳಲು ಇವರಿಗೆ ನಾಚಿಕೆ, ‘ವಿಂಟೇಜ್’ ಅನ್ನಬೇಕು. ಅಷ್ಟು ಹಳೆಯದು ಬೇಕಿದ್ದರೆ ಒರೆಸುವುದೇಕೆ ಅಂತ ಒಮ್ಮೆ ಕೇಳಿದೆ. ಇದಕ್ಕೆ ಕಸ್ಟಮ್ ಅಂತಾರೆ, ನಿಮಗೆ ಅರ್ಥವಾಗುವುದಿಲ್ಲ ಅಂದರು.

ನನಗೆ ಎಲ್ಲಕ್ಕಿಂತ ಸಹಿಸಲಾಗದಿದ್ದುದು ಬೇರೆ. ಒಂದು ಕಣ್ಣು ಬರೆದು ಎದ್ದುಬಿಡುತ್ತಾರೆ. ಬೆನ್ನು ನೋವು, ಇನ್ನೊಂದು ಮುಂದಿನ ವಾರ ಅನ್ನುತ್ತಾರೆ. ನನ್ನ ಕಿಟಕಿಯ ಮೇಲೆ ಐದು ಒಕ್ಕಣ್ಣ ತಲೆಗಳು ವಾರವೆಲ್ಲ ನನ್ನನ್ನೇ ನೋಡುತ್ತಾ ಕೂತಿರುತ್ತವೆ. ಅವುಗಳ ಮೇಲೆ ಬಟ್ಟೆ ಮುಚ್ಚಿ ನಾನು ಅಡುಗೆ ಮಾಡುತ್ತೇನೆ.

ಹೋದ ತಿಂಗಳು ಒಂದು ಭಾನುವಾರ ಬಟ್ಟೆಯ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ಬಂದರು. ಮುಖದಲ್ಲಿ ನಿಧಿ ಸಿಕ್ಕವರ ಕಳೆ. ನಡುಮನೆಯಲ್ಲಿ ಪೇಪರು ಹಾಸಿ ಚೀಲ ಸುರಿದರು. ಬರೀ ತಲೆಗಳು. ಮೈಸೂರಿನ ಗುಜರಿಯವನೊಬ್ಬನ ಹತ್ತಿರ ಸಿಕ್ಕಿತಂತೆ. ಎಂದೋ ಮುಚ್ಚಿಹೋದ ಒಂದು ಶೆಡ್ಡಿನ ಮಾಲು, ನಮ್ಮ ನಂಜನಗೂಡಿನಲ್ಲೇ ಮಾಡಿದ್ದು, ಆಗೆಲ್ಲ ಮಷಿನ್ನಿನಲ್ಲಿ ಪೇಂಟ್ ಮಾಡುತ್ತಿದ್ದರು, ಅದಕ್ಕೇ ಮುಖಗಳಲ್ಲಿ ಜೀವವಿಲ್ಲ ಅಂತ ನನಗೆ ಪಾಠ ಹೇಳಿದರು. ನಾನು ಕಾಫಿ ಲೋಟ ಕೈಗೆ ಕೊಟ್ಟೆ. ಮದುವೆಗೆ ಮುಂಚೆ ಅತ್ತೆ ಯಾವುದೋ ಫ್ಯಾಕ್ಟರಿಯಲ್ಲಿದ್ದರು ಅನ್ನುವುದಷ್ಟೇ ಅವರಿಗೆ ಗೊತ್ತು. ಯಾವುದು ಅಂತ ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಆಗ ಅವರು ಒಂದು ತಲೆ ತಿರುಗಿಸಿ ಎಡಗಿವಿಯ ಹಿಂದೆ ಬೆರಳಿಟ್ಟು ತೋರಿಸಿದರು. ಕಪ್ಪು ಬೊಟ್ಟು. ಇನ್ನೊಂದು ತಲೆ ಎತ್ತಿದರು, ಅದರಲ್ಲೂ ಇತ್ತು. ಯಾವುದನ್ನು ತಿರುಗಿಸಿದರೂ ಅದೇ ಕಿವಿ, ಅದೇ ಜಾಗ. ನಾನು ಸೋಫಾದ ಅಂಚಿಗೆ ಕೂತೆ. ಅಳಿಯಂದಿರು ಮಷಿನ್ ಸೋರಿರಬೇಕು ಅಂತ ಹೇಳಿ ಹತ್ತಿ ಅದ್ದಿ ಒರೆಸಲು ಶುರು ಮಾಡಿದರು.

ಆ ಬೊಟ್ಟು ಇಟ್ಟವರು ಯಾರು ಅಂತ ಮೂವತ್ತು ವರ್ಷದ ಹಿಂದೆ ಒಮ್ಮೆ ಕೇಳಿದ್ದರು. ಉತ್ತರ ಕೊಡಬೇಕಾದವಳು ನಾನು, ಕೊಡಲಿಲ್ಲ. ಈಗ ನಾನು ಬಾಯಿ ಮುಚ್ಚಿಕೊಂಡು ಇನ್ನೊಂದು ಲೋಟ ಕಾಫಿ ಮಾಡಿಕೊಟ್ಟರೆ ಸಾಕಿತ್ತು, ಸಾಕ್ಷಿಯೆಲ್ಲ ತಾನಾಗಿಯೇ ಹತ್ತಿಯಲ್ಲಿ ಕರಗಿಹೋಗುತ್ತಿತ್ತು. ಹಾಗೆ ಮಾಡಬೇಕು ಅಂತ ಅನ್ನಿಸಿತು ಕೂಡ. ಸುಳ್ಳು ಹೇಳುವುದಿಲ್ಲ.

ಮಷಿನ್ ಅಂತೆ. ಇದ್ದದ್ದು ಕೂದಲಿಗೆ ಬಣ್ಣ ಊದುವ ಒಂದು ಗನ್ನು, ಅಷ್ಟೇ. ತಲೆಗಳು ಮೂಟೆಯಲ್ಲಿ ಬರುತ್ತಿದ್ದವು, ಮೈಬಣ್ಣ ಪ್ಲಾಸ್ಟಿಕ್ಕಿನಲ್ಲೇ ಕಲಸಿರುತ್ತಿತ್ತು. ಮುಖ ಮತ್ತು ಕಿವಿ ಮುಚ್ಚುವ ತಗಡಿನ ಅಚ್ಚಿನೊಳಗೆ ತಲೆ ಕೂರಿಸಿ ಗನ್ನು ಹೊಡೆದರೆ ಕೂದಲಾಯಿತು. ಅಲ್ಲಿಂದ ಮುಂದೆ ಎಲ್ಲವೂ ಕೈಕೆಲಸ. ಉದ್ದನೆಯ ಬೆಂಚು, ಸಾಲಾಗಿ ಹೆಂಗಸರು. ಒಬ್ಬಳು ಹುಬ್ಬು ಎಳೆದು ಪಕ್ಕಕ್ಕೆ ದಾಟಿಸಿದರೆ ಇನ್ನೊಬ್ಬಳು ತುಟಿ. ಕಣ್ಣು ಎಲ್ಲಕ್ಕಿಂತ ಕೊನೆಗೆ. ಮೊದಲು ಬಿಳಿ, ಅದರ ಮೇಲೆ ಕಂದು, ಕಂದಿನೊಳಗೆ ಕಪ್ಪು, ಕಪ್ಪಿನ ಮೇಲೆ ಸಾಸಿವೆಗಿಂತ ಸಣ್ಣದೊಂದು ಬಿಳಿ ಹೊಳಪು. ಆ ಹೊಳಪು ಒಂದು ಕೂದಲೆಳೆ ಸರಿದರೂ ಸಿಪಾಯಿ ಕುಡಿದವನ ಹಾಗೆ ಕಾಣುತ್ತಿದ್ದ. ಬೂದುಗಾಜು ಇರಲಿಲ್ಲ, ಬೆನ್ನು ನೋವಿಗೆ ರಜೆಯೂ ಇರಲಿಲ್ಲ. ನಾವು ಬರೆದ ಕಣ್ಣುಗಳಲ್ಲಿ ಜೀವವಿಲ್ಲ ಅನ್ನುವವರು ವಾರಕ್ಕೊಂದು ಕಣ್ಣು ಬರೆಯುತ್ತಾರೆ.

ಕಣ್ಣಿನ ಜಾಗದಲ್ಲಿ ಇಬ್ಬರೇ, ಅಕ್ಕ ಮತ್ತು ನಾನು. ಅಕ್ಕ ಅಂದರೆ ಒಡಹುಟ್ಟಿದವರಲ್ಲ, ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ನಂಜನಗೂಡಿನ ದೇವಸ್ಥಾನದ ಕಡೆಯ ಮನೆತನ. ಭಾದ್ರಪದದಲ್ಲಿ ಮಣ್ಣಿನ ಗೌರಿಗೆ ಕಣ್ಣು ಬರೆಯುವುದು ಅವರ ಮನೆಯ ಹೆಂಗಸರ ಕೆಲಸ. ಆ ಮನೆಯ ಕಟ್ಟಳೆಯನ್ನು ಅವರು ಸಿಪಾಯಿ ಗೊಂಬೆಗೂ ತಂದಿದ್ದರು. ಒಂದು ಕಣ್ಣು ಬರೆದು ಊಟಕ್ಕೆ ಏಳುವಂತಿಲ್ಲ. ಬೆಲ್ ಹೊಡೆದರೂ ಸರಿ, ಎರಡನೆಯ ಕಣ್ಣು ಮುಗಿಸಿಯೇ ಏಳಬೇಕು. ಇನ್ನೊಂದು, ದಿನದ ಮೊದಲ ತಲೆಗೆ ಮಾತ್ರ ಕುಂಚದ ಹಿಂತುದಿಯನ್ನು ಕಪ್ಪಿನಲ್ಲಿ ಅದ್ದಿ ಬಲಗಿವಿಯ ಹಿಂದೆ ಒಂದು ದೃಷ್ಟಿಬೊಟ್ಟು ಇಡುತ್ತಿದ್ದರು. ಕೂಸಿಗೆ ಇಡುವ ಹಾಗೆ. ದಿನಕ್ಕೆ ಒಂದೇ. ಸಾವಿರಾರು ತಲೆಗಳ ನಡುವೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ನಾನು ಸೋಸಲೆಯಿಂದ ಬಂದು ನಂಜನಗೂಡಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಸೇರಿದವಳು. ಎಡಚಿ. ಎಡಗೈಯಲ್ಲಿ ಕುಂಚ ಹಿಡಿದದ್ದು ಕಂಡು ಬೆಂಚಿನ ಹೆಂಗಸರೆಲ್ಲ ಮೂಗು ಮುರಿದರು. ಅಕ್ಕ ಮಾತ್ರ ಎದ್ದು ಬಂದು, ನನ್ನ ಕೈಯ ನೆರಳು ಕೆಲಸದ ಮೇಲೆ ಬೀಳದಂತೆ ದೀಪವನ್ನು ಎಡದಿಂದ ಬಲಕ್ಕೆ ತಿರುಗಿಸಿಟ್ಟರು. ಅವತ್ತಿನಿಂದ ನನ್ನ ಗೆರೆ ನೆಟ್ಟಗಾಯಿತು.

ಇನ್ನು ಸೂಪರ್‌ವೈಸರ್. ಹೊಟ್ಟೆಗಿಂತ ಮೊದಲು ಅವನ ಸೆಂಟಿನ ವಾಸನೆ ಬರುತ್ತಿತ್ತು. ಬಣ್ಣದ ಗಂಧಗಾಳಿ ಗೊತ್ತಿಲ್ಲದಿದ್ದರೂ ನಮ್ಮ ಬೆನ್ನ ಹಿಂದೆ ನಿಂತು ‘ಆಹಾ, ಏನು ಲಕ್ಷಣ’ ಅನ್ನುತ್ತಿದ್ದ. ಒಂದು ಮಳೆಗಾಲ ಅವನು ನನ್ನ ಹಿಂದೆ ನಿಂತು ಹೊಗಳಿದ ದಿನವೆಲ್ಲ ನನ್ನ ತಲೆಗಳು ಕೆಡುತ್ತಿದ್ದವು. ಕಪ್ಪು ಹರಡಿಕೊಳ್ಳುತ್ತಿತ್ತು, ಕಣ್ಣು ಅತ್ತ ಹಾಗೆ ಕಾಣುತ್ತಿತ್ತು. ಬಣ್ಣಕ್ಕೆ ನಾನು ತಿನ್ನರ್ ಜಾಸ್ತಿ ಬೆರೆಸುತ್ತಿದ್ದೆ, ಅದೇ ಕಾರಣ. ಆದರೆ ಸೋಸಲೆಯ ಹುಡುಗಿಗೆ ಅದೆಲ್ಲಿ ಹೊಳೆಯಬೇಕು. ಅವನ ದೃಷ್ಟಿ ತಾಗಿದೆ ಅಂತ ತೀರ್ಮಾನ ಮಾಡಿಬಿಟ್ಟೆ. ಅಕ್ಕನ ಒಂದು ಬೊಟ್ಟು ಅಷ್ಟು ದೊಡ್ಡ ಕಣ್ಣಿಗೆ ಎಲ್ಲಿ ಸಾಲುತ್ತದೆ ಅಂತ ಲೆಕ್ಕ ಹಾಕಿ, ಯಾರಿಗೂ ಹೇಳದೆ, ನನ್ನ ಕೈಗೆ ಬಂದ ಪ್ರತಿಯೊಂದು ತಲೆಗೂ ಬೊಟ್ಟಿಟ್ಟೆ. ಒಂದಿಡೀ ಪೆಟ್ಟಿಗೆ ತುಂಬುವಷ್ಟು. ನನಗೆ ಎಡಗೈ ಸಲೀಸಾದ್ದರಿಂದ ಎಲ್ಲವೂ ಎಡಗಿವಿಯ ಹಿಂದೆ ಬಿದ್ದವು.

ತಲೆಗಳಿಗೆ ಮೈ ಜೋಡಿಸಲು ಪೆಟ್ಟಿಗೆ ಮುಂಬೈಗೆ ಹೋಗಿ, ಹೋದ ದಾರಿಯಲ್ಲೇ ವಾಪಸ್ ಬಂತು. ಮಾಲಿನ ಮೇಲೆಲ್ಲ ಕಲೆ ಅಂತ ಚೀಟಿ. ಸೂಪರ್‌ವೈಸರ್ ಪೆಟ್ಟಿಗೆಯನ್ನು ನಮ್ಮ ಬೆಂಚಿನ ಮೇಲೆ ಕವುಚಿ, ಇದು ಯಾರ ಕೆಲಸ ಅಂತ ಕೇಳಿದ. ಬೊಟ್ಟಿನ ಪದ್ಧತಿ ಯಾರದೆಂದು ಬೆಂಚಿಗೆಲ್ಲ ಗೊತ್ತಿತ್ತು, ಎಲ್ಲರೂ ಅಕ್ಕನ ಕಡೆ ನೋಡಿದರು. ನಾನೂ ನೋಡಿದೆ. ಅಷ್ಟು ನಾಚಿಕೆಗೆಟ್ಟವಳು.

ಅಕ್ಕ ಒಂದು ತಲೆ ಎತ್ತಿಕೊಂಡು ತಿರುಗಿಸಿ ನೋಡಿದರು. ಮೊದಲು ಬಲಗಿವಿ, ಆಮೇಲೆ ಎಡಗಿವಿ. ಎಡಗಿವಿಯನ್ನು ಸ್ವಲ್ಪ ಹೊತ್ತು ನೋಡಿದರು. ನನ್ನ ಕಡೆ ತಿರುಗಲಿಲ್ಲ. ತಲೆಯನ್ನು ಮೆಲ್ಲಗೆ ಕೆಳಗಿಟ್ಟರು.

“ನಾನೇ ಸಾರ್ ಇಟ್ಟಿದ್ದು” ಅಂದರು.

ಕಣ್ಣ ಮುಂದಿದ್ದ ಸತ್ಯ ಆ ಸೂಪರ್‌ವೈಸರನಿಗೆ ಕಾಣಲಿಲ್ಲ. ಯಾವ ಕಿವಿ ಅಂತ ನೋಡುವಷ್ಟು ಬುದ್ಧಿಯಿದ್ದಿದ್ದರೆ ಅವನು ನಮ್ಮ ಬೆನ್ನ ಹಿಂದೆ ಯಾಕೆ ನಿಲ್ಲುತ್ತಿದ್ದ. ಗೌರಿ ಬರೆಯುವುದಿದ್ದರೆ ಮನೆಯಲ್ಲೇ ಬರೆದುಕೊಳ್ಳಿ, ನಾಳೆಯಿಂದ ಇಲ್ಲಿಗೆ ಬರುವುದು ಬೇಡ ಅಂದ. ಅಕ್ಕನ ಮುಂದೆ ಅರ್ಧವಾಗಿದ್ದ ತಲೆಯೊಂದಿತ್ತು. ಅವರು ಕೂತು, ಅದರ ಎರಡನೆಯ ಕಣ್ಣು ಬರೆದು, ಹೊಳಪಿಟ್ಟು, ಕುಂಚ ತೊಳೆದು, ಬಣ್ಣದ ಶೀಷೆಯ ಮುಚ್ಚಳ ಬಿಗಿದು ಎದ್ದರು. ಅಷ್ಟೂ ಹೊತ್ತು ನನಗೆ ಬಾಯಿ ತೆರೆಯಲು ಅವಕಾಶವಿತ್ತು. ನಾನು ತುಟಿಯ ಮೇಲಿನ ಬಣ್ಣ ಒಣಗಿದೆಯೋ ಇಲ್ಲವೋ ಅಂತ ಗೊಂಬೆಯೊಂದನ್ನು ಪರೀಕ್ಷೆ ಮಾಡುತ್ತಾ ಕೂತಿದ್ದೆ.

ವಾಪಸ್ ಬಂದ ಪೆಟ್ಟಿಗೆಯನ್ನು ಯಾರೂ ಒರೆಸಲಿಲ್ಲ, ಗೋಡೌನಿನ ಮೂಲೆಗೆ ಹಾಕಿದರು. ಅಕ್ಕನ ಜಾಗಕ್ಕೆ ನನ್ನನ್ನು ಕೂರಿಸಿದರು. ಕಿಟಕಿಯ ಪಕ್ಕ, ಗಾಳಿ ಚೆನ್ನಾಗಿತ್ತು. ಆ ಜಾಗ ನನಗೆ ಇಷ್ಟವಾಯಿತು. ಅಳಿಯಂದಿರ ಬಗ್ಗೆ ಇಷ್ಟೆಲ್ಲ ಬರೆದೆನಲ್ಲ, ಅವರ ಮೇಲೆ ನನಗಿರುವುದು ಬರೀ ತಾತ್ಸಾರ. ಹೇಸಿಗೆ ಅನ್ನುವುದನ್ನು ನಾನು ಇನ್ನೊಬ್ಬಳಿಗೆ ಎತ್ತಿಟ್ಟುಕೊಂಡಿದ್ದೇನೆ, ನನ್ನ ಪಡಿತರ ಚೀಟಿಯಲ್ಲಿ ಮೊದಲನೆಯದು ಅವಳ ಹೆಸರು.

ಎರಡು ವರ್ಷದ ನಂತರ ನಂಜನಗೂಡಿನ ಮಾರ್ಕೆಟ್ಟಿನಲ್ಲಿ ಅಕ್ಕ ಎದುರಾದರು. ಕೈಯಲ್ಲಿ ಸೊಪ್ಪಿನ ಕಟ್ಟು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಕೆಲಸ ಹೋದ ಮಾತು, ಬೊಟ್ಟಿನ ಮಾತು ಏನನ್ನೂ ಅವರು ತೆಗೆಯಲಿಲ್ಲ.

“ದೀಪ ಬಲಗಡೆಗೇ ಇಟ್ಕೊಂಡಿದೀಯ ತಾನೇ?” ಅಂತ ಕೇಳಿದರು.

ಹೂಂ ಅಂದೆ. ಆಮೇಲೆ ಅವರನ್ನು ದೂರದಿಂದ ಕಂಡರೆ ರಸ್ತೆ ದಾಟುತ್ತಿದ್ದೆ. ನನಗೆ ಮದುವೆಯಾಗಿ ಈ ಊರಿಗೆ ಬಂದ ಮೇಲೆ ಅವರು ತೀರಿಕೊಂಡರು ಅಂತ ಯಾರೋ ಬಸ್ಸಿನಲ್ಲಿ ಹೇಳಿದರು. ಒಂದು ನಿಟ್ಟುಸಿರಿನಷ್ಟು ಸಮಾಧಾನವೂ ಆಯಿತು. ಅದನ್ನೂ ಬರೆದುಬಿಡುತ್ತೇನೆ.

ನಡುಮನೆಯಲ್ಲಿ ಅಳಿಯಂದಿರು ಹತ್ತಿ ಬದಲಾಯಿಸುತ್ತಾ ಗೊಣಗುತ್ತಿದ್ದರು. ಪೇಪರಿನ ಮೇಲೆ ಬೊಟ್ಟಿಲ್ಲದ ತಲೆಗಳ ರಾಶಿ ಬೆಳೆಯುತ್ತಿತ್ತು, ಬೊಟ್ಟಿನವು ಕಡಿಮೆಯಾಗುತ್ತಿದ್ದವು. ಮಷಿನ್ ಸೋರಿದರೆ ಎಲ್ಲ ಒಂದೇ ಜಾಗದಲ್ಲಿ ಸೋರುತ್ತದೆಯೇ ಅಂತ ಅವರಿಗೇ ಅನುಮಾನ ಬಂದಿರಬೇಕು.

“ಯಾವನೋ ಕೆಲಸ ಬರದೋನು ಮಾಡಿರೋದು ಇದು” ಅಂದರು.

“ನಾನೇ ಇಟ್ಟಿದ್ದು” ಅಂದೆ.

ಅವರು ಬೂದುಗಾಜು ಹಣೆಗೇರಿಸಿ ನನ್ನನ್ನು ನೋಡಿದರು. ಆಮೇಲೆ ನಕ್ಕರು. ಅತ್ತೆ ತಮಾಷೆ ಮಾಡುತ್ತಾರೆ ಅಂತ ಇವರಿಗೆ ಒಂದು ತಪ್ಪು ಕಲ್ಪನೆ ಮೊದಲಿನಿಂದ ಇದೆ. ನಾನು ಎದ್ದು ಹೋಗಿ ಅವರ ಎದುರಿಗೆ ನೆಲದ ಮೇಲೆ ಕೂತೆ. ಒರೆಸಿಟ್ಟ ತಲೆಯೊಂದನ್ನು ಬಲಗೈಯಲ್ಲಿ ಹಿಡಿದು, ಅವರ ದುಬಾರಿ ಕುಂಚದ ಹಿಂತುದಿಯನ್ನು ಕಪ್ಪಿನಲ್ಲಿ ಅದ್ದಿ, ಎಡಗೈಯಲ್ಲಿ ಬೊಟ್ಟಿಟ್ಟೆ. ನೋಡಿಕೊಂಡು ಇಡಬೇಕಾಗಲಿಲ್ಲ, ಕೈಗೆ ಜಾಗ ನೆನಪಿತ್ತು. ಆ ತಲೆಯನ್ನು ಇನ್ನೂ ಒರೆಸದ ತಲೆಯೊಂದರ ಪಕ್ಕದಲ್ಲಿಟ್ಟೆ.

ಅಳಿಯಂದಿರು ಎರಡನ್ನೂ ಎತ್ತಿ ಬೂದುಗಾಜಿನಲ್ಲಿ ನೋಡಿದರು. ನಗು ನಿಂತಿತು. ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟರು. ಫ್ಯಾಕ್ಟರಿ ಯಾವುದು, ಎಷ್ಟು ವರ್ಷ ಇದ್ದಿರಿ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಒಂದೇ ಉಸಿರಿನಲ್ಲಿ ಕೇಳಿದರು. ಗುಂಪಿನವರಿಗೆ ಹೇಳಿದರೆ ಹುಚ್ಚೆದ್ದು ಹೋಗುತ್ತಾರೆ, ಒಂದು ವಿಡಿಯೊ ಮಾಡೋಣ ಅಂತ ಫೋನನ್ನೂ ತೆಗೆದರು. ಫೋನು ಹಿಡಿದವರು ಅದನ್ನು ನನ್ನ ಮುಖಕ್ಕೆ ತಿರುಗಿಸುವ ಮೊದಲು ಏನೋ ಯೋಚನೆ ಬಂದವರ ಹಾಗೆ ನಿಂತರು. ಬ್ಯಾಂಕಿನಲ್ಲಿ ಕೆಲಸ ಮಾಡುವವರಲ್ಲವೇ, ಕೇಳಬೇಕಾದ ಪ್ರಶ್ನೆಯೊಂದನ್ನು ಮೊದಲ ಸಲ ಕೇಳಿದರು.

“ಇಷ್ಟೊಂದು ಮಾಲು ಕೆಟ್ಟೋಗಿದೆ. ಆಗ ಯಾರೂ ಕೇಳ್ಲಿಲ್ವಾ ಅತ್ತೆ, ಯಾರು ಇಟ್ಟಿದ್ದು ಅಂತ?”

“ಕೇಳಿದ್ರು” ಅಂದೆ.