ಮಸಿ ಕರಗಿದ ಟ್ಯೂಬು

ಎಂ.ಎಸ್ಸಿ. ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಹಿಕ್ಕೆ ಆರಿಸುವುದು. ಕುರಿ ಹಿಕ್ಕೆಯಲ್ಲ, ಕೃಷ್ಣಮೃಗದ್ದು. ನಮ್ಮೂರಿನವರಿಗೆ ಆ ವ್ಯತ್ಯಾಸ ಹೇಳಿ ಪ್ರಯೋಜನವಿರಲಿಲ್ಲ.

ಸಿಂಗಟಗೆರೆ ಕಡೆಯ ಕುರಿ ಸಾಕುವ ಮನೆ ನಮ್ಮದು. ಅಪ್ಪ ಅಮ್ಮ ಇಬ್ಬರೂ ಹೆಬ್ಬೆಟ್ಟು ಒತ್ತುವವರು. ಕಾಲೇಜಿನ ಮೆಟ್ಟಿಲು ಹತ್ತಿದವಳು ಆ ಮನೆಯಲ್ಲಿ ನಾನೊಬ್ಬಳೇ. ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು, ಎರಡು ಪೇಪರು ಫೇಲಾಗಿ, ಮತ್ತೆ ಕಟ್ಟಿ ಪಾಸಾದೆ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಸಂದರ್ಶನದಲ್ಲಿ ಈ ಪ್ರಾಜೆಕ್ಟ್ ನಡೆಸುತ್ತಿದ್ದ ಬೆಂಗಳೂರಿನ ಲ್ಯಾಬಿನ ಮೇಡಂ, "ಆ ಜಾಗದಲ್ಲಿ ಕುರಿಗಳೂ ಮೇಯುತ್ತವೆ. ಯಾವುದು ಜಿಂಕೆ ಹಿಕ್ಕೆ ಅಂತ ಹೇಗೆ ಗುರುತಿಸ್ತೀಯ?" ಎಂದು ಕೇಳಿದರು.

"ಕುರಿ ಹಟ್ಟೀಲಿ ಬೆಳೆದವಳು ನಾನು ಮೇಡಂ. ಕುರೀದಲ್ಲ ಅಂದ್ರೆ ಮೂಗಿಗೇ ಗೊತ್ತಾಗುತ್ತೆ" ಅಂದೆ. ಅವರು ನಕ್ಕರು. ಕೆಲಸ ಸಿಕ್ಕಿತು.

ಕೆಲಸ ನಡೆಯುತ್ತಿದ್ದದ್ದು ಎರಡು ಕಾವಲುಗಳಲ್ಲಿ. ಕಾವಲೆಂದರೆ ಹಿಂದೆ ದನ ಮೇಯಲೆಂದು ಬಿಟ್ಟಿದ್ದ ಹುಲ್ಲು ಬಯಲು. ಒಂದು ಕಡೂರಿನ ಕಡೆಗಿದೆ, ಇನ್ನೊಂದು ಅಜ್ಜಂಪುರದ ಕಡೆಗಿದೆ. ಎರಡರಲ್ಲೂ ಕೃಷ್ಣಮೃಗಗಳಿವೆ. ನಡುವೆ ರೈಲು ಹಳಿ, ಡಾಂಬರು ರಸ್ತೆ, ಬೋರ್‌ವೆಲ್ ಕೊರೆಸಿ ತಂತಿ ಹಾಕಿದ ತೋಟಗಳು. ಅಜ್ಜನ ಕಾಲದಲ್ಲಿ ಜಿಂಕೆಗಳು ಅಲ್ಲಿಂದಿಲ್ಲಿಗೆ ಓಡಾಡುತ್ತಿದ್ದವಂತೆ. ಈಗಲೂ ಒಂದಾದರೂ ದಾಟಿ ಬರುತ್ತದೆಯೇ ಎಂಬುದೇ ನಮ್ಮ ಪ್ರಶ್ನೆ. ಬರದಿದ್ದರೆ ಕಡೂರಿನ ಕಡೆಯ ಸಣ್ಣ ಹಿಂಡು ತನ್ನೊಳಗೇ ಕೂಡಿ ಮರಿ ಹಾಕುತ್ತದೆ. ಎಲ್ಲವೂ ಒಂದೇ ರಕ್ತವಾಗುತ್ತವೆ. ಆಮೇಲೆ ಒಂದು ರೋಗ ಬಂದರೆ ಎಲ್ಲವನ್ನೂ ಒಟ್ಟಿಗೇ ಹೊಡೆದುಕೊಂಡು ಹೋಗಬಹುದು. ಬೆಳಗಿನ ಹಸಿ ಹಿಕ್ಕೆಯ ಮೇಲ್ಪದರದಿಂದ ಡಿ.ಎನ್.ಎ. ತೆಗೆದರೆ ಯಾವ ಪ್ರಾಣಿ, ಯಾವ ಹಿಂಡಿನದು ಎಂದು ತಿಳಿಯುತ್ತದೆ. ಅದಕ್ಕೆ ಹಿಕ್ಕೆಯನ್ನು ಸ್ಪಿರಿಟ್ ತುಂಬಿದ ಟ್ಯೂಬಿಗೆ ಹಾಕಿ ಕಳಿಸಬೇಕಿತ್ತು.

ಪಕ್ಕದ ಮನೆಯ ಅತ್ತೆ ನನ್ನ ಬ್ಯಾಗು ಕಂಡಾಗಲೆಲ್ಲ ಬಿಡುತ್ತಿರಲಿಲ್ಲ. "ಅಷ್ಟೆಲ್ಲಾ ಓದಿ ಕೊನೆಗೆ ಹಿಕ್ಕೆಗೇ ಬಂತಲ್ಲೇ! ಓದ್ದೇ ಇದ್ದಿದ್ರೂ ಅದನ್ನೇ ಬಳೀತಿದ್ದೆ. ಬಸ್ಸಿನ ಓಡಾಟನಾದ್ರೂ ತಪ್ಪೋದು."

"ನಂಗೆ ಸಂಬಳ ಕೊಡ್ತಾರೆ ಕಣತ್ತೆ."

"ಹಿಕ್ಕೆಗಾ? ನಮ್ ಹಟ್ಟೀದೂ ಕೇಳು ಹಂಗಾದ್ರೆ, ಒಂದ್ ಗಾಡಿ ಐತೆ."

ನಗು ಬರುತ್ತಿತ್ತು. ಆದರೆ ಕಾವಲಿನಲ್ಲಿ ನಗಿಸುವವರು ಯಾರೂ ಇರಲಿಲ್ಲ. ಮೊದಲ ಬಸ್ಸಿಗೆ ಹೋಗಿ ಇಳಿದರೆ ಮಧ್ಯಾಹ್ನದವರೆಗೆ ನಾನು, ಗಾಳಿ, ಹುಲ್ಲು. ಜಿಂಕೆಗಳು ನನ್ನನ್ನು ಕಂಡರೆ ದೂರ ಸರಿದು ನಿಲ್ಲುತ್ತಿದ್ದವು. ಕುರಿ ಕಾಯುವವರು ನನ್ನ ಪ್ಯಾಂಟು ಶೂ ನೋಡಿ ಆಫೀಸಿನವಳೆಂದು ಬೇರೆ ದಾರಿ ಹಿಡಿಯುತ್ತಿದ್ದರು. ಬೆಂಗಳೂರಿನ ಲ್ಯಾಬಿನಲ್ಲಿ ನನ್ನ ಜೊತೆಯವರು ಊಟದ ಹೊತ್ತಿನಲ್ಲಿ ಇಂಗ್ಲಿಷಿನಲ್ಲಿ ತಮಾಷೆ ಮಾಡಿಕೊಳ್ಳುತ್ತಿದ್ದರು, ನಾನು ಅರ್ಥವಾದಷ್ಟಕ್ಕೆ ನಗುತ್ತಿದ್ದೆ. ಕೆಲವು ದಿನ ನಾನು ಆಡಿದ ಮೊದಲ ಮಾತು ವಾಪಸು ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿ ಕಂಡಕ್ಟರಿಗೆ "ಕಡೂರು" ಎಂದದ್ದು.

ಟ್ಯೂಬಿನ ಹೊರಗೆ ಪೆನ್ನಿನಲ್ಲಿ ಜಾಗ, ನಂಬರು ಬರೆಯಬೇಕು. ಜೊತೆಗೆ ಪೆನ್ಸಿಲಿನಲ್ಲಿ ಬರೆದ ಚೀಟಿಯೊಂದನ್ನು ಒಳಗೂ ಹಾಕಬೇಕು. ಸ್ಪಿರಿಟ್ ತಾಗಿದರೆ ಪೆನ್ನಿನ ಮಸಿ ಅಳಿಸುತ್ತದೆ, ಪೆನ್ಸಿಲು ಅಳಿಸುವುದಿಲ್ಲ. ಮೊದಲ ದಿನವೇ ಹೇಳಿಕೊಟ್ಟಿದ್ದರು. ಒಂದು ದಿನ ಬೆಳಿಗ್ಗೆ ಅಜ್ಜಂಪುರದ ಕಡೆ ಕೆಲಸ ಬೇಗ ಮುಗಿಯಿತು. ಟ್ಯೂಬು ಉಳಿದಿವೆಯಲ್ಲ ಎಂದು ವಾಪಸು ಬರುವಾಗ ಕಡೂರಿನ ಕಾವಲಿನಲ್ಲೂ ಇಳಿದು ಒಂದಿಷ್ಟು ಆರಿಸಿದೆ. ಬಿಸಿಲೇರುತ್ತಿತ್ತು, ಹಿಕ್ಕೆ ಒಣಗುತ್ತದೆಂಬ ಅವಸರ. ಒಳಗಿನ ಚೀಟಿ ಹಾಕಲಿಲ್ಲ. ಒಂದು ದಿನಕ್ಕೆ ಏನಾಗುತ್ತದೆ ಅಂದುಕೊಂಡೆ.

ಬಸ್ಸಿನ ಕುಲುಕಾಟಕ್ಕೆ ಒಂದು ಟ್ಯೂಬಿನ ಮುಚ್ಚಳ ಸಡಿಲಾಗಿ ಸ್ಪಿರಿಟ್ ಸೋರಿತ್ತು. ಕಡೂರು ಬಸ್ ಸ್ಟ್ಯಾಂಡಿನಲ್ಲಿ ಬ್ಯಾಗು ತೆಗೆದರೆ ಆರು ಟ್ಯೂಬುಗಳ ಮಸಿ ಕರಗಿ ಬೆರಳಿಗೆ ನೀಲಿ ಅಂಟಿತು. ಕಲ್ಲುಬೆಂಚಿನ ಮೇಲೆ ಅವನ್ನು ಸಾಲಾಗಿ ಇಟ್ಟು, ಯಾವುದನ್ನು ಮೊದಲು ಹಾಕಿದ್ದೆ, ಯಾವುದು ಮೇಲಿತ್ತು ಎಂದು ನೆನಪಿಸಿಕೊಂಡು ಯಾವ ಕಾವಲಿನದು, ಯಾವ ನಂಬರು ಎಂದು ಮತ್ತೆ ಬರೆದೆ. ಯಾರಿಗೂ ಹೇಳಲಿಲ್ಲ.

ನಾಲ್ಕು ತಿಂಗಳ ಮೇಲೆ ಮೇಡಂ ಫೋನು ಮಾಡಿದರು. ಕಡೂರಿನ ಕಾವಲಿನ ಪ್ರಾಣಿಗಳೆಲ್ಲ ಹೆಚ್ಚುಕಮ್ಮಿ ಅಣ್ಣತಮ್ಮಂದಿರ ಮಕ್ಕಳ ಹಾಗಿವೆ, ಒಂದು ಗಂಡು ಮಾತ್ರ ಬೇರೆ, ಅದರ ರಕ್ತ ಅಜ್ಜಂಪುರದ ಕಡೆಯದು ಎಂದರು. ಅವರ ದನಿಯಲ್ಲಿ ಅಂಥ ಖುಷಿ ನಾನು ಅದುವರೆಗೆ ಕೇಳಿರಲಿಲ್ಲ. "ಒಂದು ದಾಟಿದೆ ಅಂತ ತೋರಿಸಿದ್ರೆ ಆ ದಾರಿಗೆ ತಂತಿ ಹಾಕಬೇಡಿ ಅಂತ ಅರಣ್ಯ ಇಲಾಖೆಯವರ ಹತ್ರ ಕೇಳ್ಬೋದು. ಇಲ್ಲಾಂದ್ರೆ, ಹೇಗೂ ಯಾವುದೂ ಬರಲ್ವಲ್ಲ ಅಂತಾರೆ." ಆಮೇಲೆ ಟ್ಯೂಬಿನ ನಂಬರು ಹೇಳಿದರು. ಅದು ಆ ಆರರಲ್ಲಿ ಒಂದು.

"ಲೇಬಲ್ ಖಾತ್ರಿ ತಾನೇ?"

ಖಾತ್ರಿ ಅನ್ನುವುದು ಸುಲಭವಿತ್ತು. ಜಿಂಕೆಗಳಿಗೂ ಒಳ್ಳೆಯದು, ನನಗೂ ಒಳ್ಳೆಯದು. ಇಲ್ಲ ಅಂದರೆ ಹಳ್ಳಿ ಹುಡುಗಿಗೆ ಕೆಲಸ ಕೊಟ್ಟರೆ ಇಷ್ಟೇ ಎಂದುಕೊಳ್ಳುತ್ತಾರೆ. ನನ್ನ ಹಿಂದೆ ಬರುವವರಿಗೂ ಬಾಗಿಲು ಮುಚ್ಚುತ್ತದೆ.

"ಖಾತ್ರಿ ಇಲ್ಲ ಮೇಡಂ" ಅಂದೆ. ಬಸ್ ಸ್ಟ್ಯಾಂಡಿನ ವಿಷಯ ಹೇಳಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಹಾಗಾದ್ರೆ ಆರನ್ನೂ ಬಿಡ್ತೀನಿ. ಪ್ರಾಜೆಕ್ಟ್ ಮುಗಿಯೋಕೆ ಒಂದು ತಿಂಗಳಿದೆ. ಅಂಥದ್ದೊಂದು ನಿಜವಾಗ್ಲೂ ಇದ್ರೆ ಮತ್ತೆ ಹುಡುಕಿ ತಗೊಂಡು ಬಾ" ಎಂದು ಫೋನಿಟ್ಟರು.

ಆ ತಿಂಗಳು ದಿನಾ ಕಡೂರಿನ ಕಾವಲಿಗೆ ಹೋದೆ. ಕಪ್ಪು ಗಂಡುಗಳು ಬೇರೆಬೇರೆಯಾಗಿ ತಮ್ಮತಮ್ಮ ಜಾಗ ಹಿಡಿದು ನಿಲ್ಲುತ್ತವೆ, ಒಂದೇ ಕಡೆ ಹಿಕ್ಕೆ ಹಾಕಿ ಗುಡ್ಡೆ ಮಾಡುತ್ತವೆ. ಗುಡ್ಡೆಯಿಂದ ಗುಡ್ಡೆಗೆ ನಡೆದೆ. ದೂರದಿಂದ ನೋಡಿದರೆ ಯಾವುದು ಹೊರಗಿನದು ಎಂದು ತಿಳಿಯುವ ಹಾಗಿರಲಿಲ್ಲ. ಎಲ್ಲದಕ್ಕೂ ಅದೇ ತಿರುಚಿದ ಕೊಂಬು, ಅದೇ ಕಪ್ಪು ಬೆನ್ನು.

ಮೂರನೇ ವಾರ ಅಪ್ಪ ಕುರಿಗಳನ್ನು ಚಿಕ್ಕಪ್ಪನಿಗೆ ಒಪ್ಪಿಸಿ ನನ್ನ ಜೊತೆ ಬಂದ. ನಾನು ಕರೆದಿರಲಿಲ್ಲ. ಎಷ್ಟೋ ಹೊತ್ತು ಕುಕ್ಕರಗಾಲಿನಲ್ಲಿ ಕೂತು ನೋಡಿದ.

"ರಸ್ತೆ ಕಡೆ ನಿಂತೈತಲ್ಲ, ಅದು ಇಲ್ಲೀದಲ್ಲ ಕಣವ್ವ."

"ಗಂಡೆಲ್ಲಾ ಒಂಟಿಯಾಗೇ ನಿಲ್ತವೆ ಕಣಪ್ಪ. ಪುಸ್ತಕದಲ್ಲೂ ಹಂಗೇ ಐತೆ."

"ನಿಲ್ತವೆ, ಇಲ್ಲ ಅಂದೋರ್ಯಾರು? ಉಳ್ದವು ಹೆಣ್ಣಿನ ಕಡೆ ಮೊಕ ಮಾಡ್ಕಂಡು ನಿಂತವೆ. ಇದು ಬಂದ್ ದಾರಿ ನೋಡ್ತೈತೆ. ಬೇರೆ ಊರಿಂದ ಟಗರು ತಂದ್ ಬಿಟ್ಟಾಗ ನೋಡಿಲ್ವಾ? ಮೇವು ಮುಟ್ಟಲ್ಲ, ಬಾಗ್ಲು ಕಡೇನೇ ಮೊಕ."

"ಯಾಕ್ ತರ್ತೀರಾ ಬೇರೆ ಊರಿಂದ? ಮನೇಲೇ ಟಗರಿಲ್ವಾ?" ಉತ್ತರ ಗೊತ್ತಿದ್ದೂ ಕೇಳಿದೆ.

"ಅಯ್ಯ, ಮನೇದೇ ಬಿಟ್ಟು ಬಿಟ್ಟು ಮರಿಯೆಲ್ಲಾ ಸಣಕಲು ಮಾಡ್ಕಳನಾ? ಏನ್ ಓದ್ದ್ಯೋ ನೀನು!"

ನನಗೆ ಸಿಟ್ಟು ಬಂತು. ಇದನ್ನೇ ಕಲಿಯಲು ಎರಡು ವರ್ಷ ಹಾಸ್ಟೆಲಿನ ಅನ್ನ ತಿಂದಿದ್ದೆ. ಹಾಗೆಂದು ನನ್ನ ಓದನ್ನು ನಾನು ಕಡಿಮೆ ಮಾಡಿಕೊಳ್ಳುವುದಿಲ್ಲ. ಅದು ಹೊರಗಿನದು ಎಂದು ಅಪ್ಪ ಊಹಿಸಬಲ್ಲ. ಎಲ್ಲಿಯದು ಎಂದು ಹೇಳಲು ಟ್ಯೂಬೇ ಬೇಕು.

ಮಾರನೆಯ ದಿನ ಅಪ್ಪ ಬರಲಿಲ್ಲ. ನಾನು ಬೆಳಕು ಹರಿಯುವಾಗಲೇ ಹೋಗಿ ಆ ಗಂಡಿನ ಗುಡ್ಡೆಯಿಂದ ದೂರ ಮಲಗಿ ಕಾದೆ. ಅದು ಬಂತು, ಹಿಕ್ಕೆ ಹಾಕಿತು, ತಲೆಯೆತ್ತಿ ಕೊಂಬನ್ನು ಬೆನ್ನಿಗೆ ಒರಗಿಸಿ ಗುಡ್ಡೆಯ ಸುತ್ತ ಗತ್ತಿನಿಂದ ನಡೆಯಿತು. ಹೆಣ್ಣುಗಳು ಬಹಳ ದೂರದಲ್ಲಿ ಮೇಯುತ್ತಿದ್ದವು. ಒಂದೂ ಕತ್ತೆತ್ತಲಿಲ್ಲ. ಅದು ಆಚೆ ಸರಿದ ಮೇಲೆ ಹಸಿಯದನ್ನಷ್ಟೇ ಆರಿಸಿ, ಅಲ್ಲೇ ಕೂತು ಪೆನ್ಸಿಲಿನಲ್ಲಿ ಚೀಟಿ ಬರೆದು ಒಳಗೆ ಹಾಕಿದೆ. ಮುಚ್ಚಳ ಬಿಗಿ ಮಾಡಿದೆ.

ಈ ಟ್ಯೂಬಿನದೂ ಮಸಿ ಕರಗಿದ ಆ ಟ್ಯೂಬಿನದೂ ಒಂದೇ ಪ್ರಾಣಿ ಎಂದು ಲ್ಯಾಬಿನಿಂದ ಉತ್ತರ ಬಂತು. ಬಸ್ ಸ್ಟ್ಯಾಂಡಿನಲ್ಲಿ ನಾನು ಬರೆದದ್ದು ಸರಿಯಾಗಿಯೇ ಇತ್ತು. ಖಾತ್ರಿ ಎಂದಿದ್ದರೂ ಅದು ನಿಜವೇ ಆಗುತ್ತಿತ್ತು, ಆದರೆ ಆವತ್ತು ನನಗೆ ಅದು ಗೊತ್ತಿರಲಿಲ್ಲ. ಮೇಡಂ "ಒಳ್ಳೇದಾಯ್ತು" ಎಂದರು. ವರದಿಯಲ್ಲಿ ಅದು ಒಂದು ಸಾಲಾಯಿತು. ಆ ದಾರಿಯ ವಿಷಯ ಇಲಾಖೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ, ತಂತಿಯಂತೂ ಸದ್ಯಕ್ಕೆ ಬಂದಿಲ್ಲ. ಪ್ರಾಜೆಕ್ಟ್ ಮುಗಿಯಿತು. ನಾನೀಗ ತರೀಕೆರೆಯಲ್ಲಿ ರೂಮು ಮಾಡಿಕೊಂಡು ಅಲ್ಲಿನ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ.

ದಾಟಿ ಬಂದರಷ್ಟೇ ಸಾಲದು, ಇಲ್ಲಿ ಅದರ ಮರಿ ಹುಟ್ಟಬೇಕು. ಹುಟ್ಟಿದೆಯೇ ಎಂದು ತಿಳಿಯಬೇಕಾದರೆ ಮರಿಗಳ ಹಿಕ್ಕೆ ಪರೀಕ್ಷೆಯಾಗಬೇಕು. ಅದನ್ನು ಮಾಡಿಸುವವರು ಈಗ ಯಾರೂ ಇಲ್ಲ.

ಮೊನ್ನೆ ಭಾನುವಾರ ಕಡೂರಿನ ಕಾವಲಿನಲ್ಲಿ ಇಳಿದೆ. ರಸ್ತೆ ಕಡೆಯ ಗುಡ್ಡೆ ಒಣಗಿ ಬೆಳ್ಳಗಾಗಿತ್ತು, ಹಸಿಯದು ಒಂದೂ ಇರಲಿಲ್ಲ. ಆ ಗಂಡು ಹಿಂಡು ಸೇರಿತೋ, ವಾಪಸು ಹೋಯಿತೋ, ನಾಯಿಗಳ ಬಾಯಿಗೆ ಬಿತ್ತೋ. ದೂರದಲ್ಲಿ ಹೆಣ್ಣುಗಳ ಜೊತೆ ಐದು ಮರಿಗಳಿದ್ದವು. ಎಷ್ಟು ಹೊತ್ತು ನೋಡಿದರೂ ಐದೂ ನನಗೆ ಒಂದೇ ಥರ ಕಂಡವು.